ಎಡಬದಿಯ ಗೀರುಗಳು

ಹಾಸ್ಟೆಲ್ಲಿನ ಓದುವ ಕೋಣೆ
ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ. ಊಟ ಸರಿಯಾಗಿ ಮಾಡುತ್ತಿದ್ದೇನೆ. ಕೆಮ್ಮು ಕಡಿಮೆಯಾಗಿದೆ. ನೀನು ಕೊಟ್ಟ ಹೊದಿಕೆ ಸಾಕಾಗುತ್ತದೆ. ಪರೀಕ್ಷೆಗೆ ಇನ್ನೂ ಐದು ವಾರ ಇದೆ.

ಇಷ್ಟು ವಾರ್ಡನ್ನಿಗೆ. ನೆನಪಿದೆಯಲ್ಲ, ಸ್ಕೂಲ್ ಹಾಸ್ಟೆಲ್ಲಿನಲ್ಲಿ ನಮ್ಮ ಪತ್ರಗಳನ್ನೆಲ್ಲ ವಾರ್ಡನ್ ಮೊದಲು ಓದುತ್ತಿದ್ದರು. ಮೊದಲ ಪ್ಯಾರಾ ಓದಿ ಬೇಜಾರಾಗಿ ಬಿಟ್ಟುಬಿಡುತ್ತಿದ್ದರು. ಅದಕ್ಕೇ ನಾನು ಎಂಟನೇ ವಯಸ್ಸಿನಿಂದಲೂ ಮೊದಲ ಪ್ಯಾರಾದಲ್ಲಿ ಚೆನ್ನಾಗಿರುವುದನ್ನು ಕಲಿತುಕೊಂಡಿದ್ದೇನೆ. ಇಲ್ಲಿ ಯಾರೂ ಓದುವುದಿಲ್ಲ, ಆದರೂ ಕೈ ಕೇಳಲಿಲ್ಲ.

ಫೋನಿನಲ್ಲಿ ಹೇಳೋಣ ಅಂತ ಎರಡು ಸಲ ನೋಡಿದೆ. ಮೊದಲ ಸಲ "ಅಮ್ಮಾ, ಮಾವನ ವಿಷಯ" ಅಂದೆ. ನೀನು "ಊಟ ಆಯ್ತಾ" ಅಂದೆ. ಎರಡನೇ ಸಲ "ಅಮ್ಮಾ, ನಿಜವಾಗ್ಲೂ ಸೀರಿಯಸ್" ಅಂದೆ. ನೀನು "ಪೇಂಟ್ ಒಣಗ್ತಾ ಇದೆ, ಆಮೇಲೆ ಮಾಡ್ತೀನಿ" ಅಂದೆ. ಅದು ಸೋಮವಾರ. ಇವತ್ತು ಶುಕ್ರವಾರ. ಅಷ್ಟು ನಿಧಾನವಾಗಿ ಒಣಗುವ ಪೇಂಟನ್ನು ನೀನು ಜನ್ಮದಲ್ಲಿ ಕೊಳ್ಳುವವಳಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕನ್ನಡ ನೋಡಿ ನಗಬೇಡ. ಕಷ್ಟದ ವಿಷಯ ಇಂಗ್ಲಿಷಿನಲ್ಲೇ ಯೋಚನೆ ಬರುತ್ತದೆ ನನಗೆ. ಆದರೆ ಇದು ಇಂಗ್ಲಿಷಿನಲ್ಲಿ ಬರೆದರೆ ಬೇರೆ ಯಾರದೋ ಮಾವನ ಕಥೆಯಾಗಿಬಿಡುತ್ತದೆ.

ಮೊದಲು ನಮ್ಮ ಪ್ರಾಜೆಕ್ಟಿನ ವಿಷಯ. ಕ್ಲಾಸಿಗೆ ಒಂದು ವಿಮಾ ಕಂಪನಿಯವರು ಫೈಲ್ ಕೊಟ್ಟಿದ್ದಾರೆ. ಶಾಲಾ ವ್ಯಾನುಗಳ ಹನ್ನೆರಡು ಡಿಪೋಗಳು, ಎರಡು ವರ್ಷ, ಯಾವ ವ್ಯಾನಿಗೆ ಯಾವ ತಿಂಗಳು ಎಷ್ಟು ಕ್ಲೇಮ್ ಆಯಿತು ಅನ್ನುವ ಎಣಿಕೆ. ಬರೀ ಎಣಿಕೆ. ಸೊನ್ನೆ, ಸೊನ್ನೆ, ಒಂದು, ಸೊನ್ನೆ. ಡಿಪೋಗಳಿಗೆ ಹೆಸರಿಲ್ಲ, ಅಕ್ಷರ ಇಟ್ಟಿದ್ದಾರೆ.

ನಮ್ಮ ಸ್ಟ್ಯಾಟ್ಸ್ ಮೇಡಂ ಇದನ್ನು ಲೋಟ ಹಿಡಿದುಕೊಂಡು ಹೇಳಿಕೊಟ್ಟರು. ಹಾಸ್ಟೆಲ್ ಮೆಸ್ಸಿನಲ್ಲಿ ಗಾಜಿನ ಲೋಟ ಒಡೆಯುತ್ತವೆ. ಎಲ್ಲರ ಕೈಯೂ ಒಂದೇ ಥರ ಇದ್ದರೆ, ಬರೀ ಅದೃಷ್ಟದ ಮೇಲೆ, ಹೆಚ್ಚಿನವರು ಒಂದೂ ಒಡೆಯುವುದಿಲ್ಲ, ಕೆಲವರು ಒಂದು ಒಡೆಯುತ್ತಾರೆ, ಅಪರೂಪಕ್ಕೆ ಒಬ್ಬಳು ಎರಡು. ಎಣಿಕೆ ಸರಾಸರಿಯ ಸುತ್ತ ಎಷ್ಟು ಹರಡಬೇಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಒಬ್ಬಳೇ ಏಳು ಒಡೆದರೆ? ಅದು ಅದೃಷ್ಟ ಅಲ್ಲ. ಅವಳ ಕೈ ನಡುಗುತ್ತಿರಬಹುದು, ಕನ್ನಡಕ ಬೇಕಾಗಿರಬಹುದು, ಯಾರ ಮೇಲೋ ಸಿಟ್ಟಿರಬಹುದು. ಅದು ಯಾವ ಕಾಲಮ್ಮಿನಲ್ಲೂ ಬರೆದಿರುವುದಿಲ್ಲ. ಅದಕ್ಕೇ ಅದರ ಹೆಸರು ಕಾಣದ ಅಂಶ. "ಹರಡಿಕೆ ಲೆಕ್ಕ ಮೀರಿದ್ರೆ, ಒಳಗೆ ಯಾರೋ ಕೂತಿದಾರೆ ಅಂತ ಅರ್ಥ. ಬಾಗ್ಲು ತಟ್ಟಿ ನೋಡಿ," ಅಂದರು ಮೇಡಂ.

ಬೇರೆ ಹನ್ನೊಂದು ಡಿಪೋಗಳಲ್ಲಿ ಒಂದು ವ್ಯಾನಿಗೆ ನಾಲ್ಕು ತಿಂಗಳಿಗೆ ಒಂದರಂತೆ ಕ್ಲೇಮ್ ಇದೆ. ಎಚ್ ಅನ್ನುವ ಡಿಪೋದಲ್ಲಿ ಮಾತ್ರ ಹನ್ನೊಂದು ವ್ಯಾನು, ಎರಡು ವರ್ಷ, ಒಟ್ಟು ಎರಡೇ ಕ್ಲೇಮ್. ಅರವತ್ತು ದಾಟಬೇಕಿತ್ತು. ಕ್ಲಾಸಿನಲ್ಲಿ ಎಲ್ಲರೂ ಎಂಥಾ ಡ್ರೈವರುಗಳಪ್ಪಾ ಅಂದರು. ಕಂಪನಿಯವರೂ ಹಾಗೇ ಅಂದುಕೊಂಡಿದ್ದಾರಂತೆ. ಎಚ್ ಡಿಪೋವನ್ನು ಉಳಿದವರಿಗೆ ಮಾದರಿ ಅಂತ ತೋರಿಸುತ್ತಾರಂತೆ.

ಆ ಎರಡು ಕ್ಲೇಮು ಯಾವುದು ಗೊತ್ತಾ? ಒಂದು, ನಿಂತಿದ್ದ ಆರನೇ ನಂಬರಿನ ಮೇಲೆ ಮರದ ಕೊಂಬೆ ಬಿದ್ದದ್ದು. ಇನ್ನೊಂದು, ಕಲ್ಲು ಸಿಡಿದು ಹತ್ತನೇ ನಂಬರಿನ ಮುಂದಿನ ಗಾಜು ಪುಡಿಯಾದದ್ದು. ತಿಂಗಳು ನೋಡಿದೆ, ವ್ಯಾನ್ ನಂಬರ್ ನೋಡಿದೆ. ಅದು ನಮ್ಮ ಡಿಪೋ ಅಮ್ಮಾ, ನೀನು ಕೆಲಸ ಮಾಡುವ, ಮಾವ ವ್ಯಾನ್ ಓಡಿಸುವ ಡಿಪೋ. ಆ ಕೊಂಬೆಯನ್ನು ನೀನೇ ಕಡಿದು ಹಾಕಿದ್ದು.

ಆ ಸೊನ್ನೆಗಳನ್ನು ಯಾರು ಮಾಡುತ್ತಾರೆ ಅಂತ ಇಡೀ ಕ್ಲಾಸಿನಲ್ಲಿ ನನಗೊಬ್ಬಳಿಗೇ ಗೊತ್ತು. ವರ್ಷಕ್ಕೆ ಮೂರು ಕ್ಲೇಮ್ ಆದರೆ ಡ್ರೈವರ್ ಕೀಲಿ ಕೆಳಗಿಟ್ಟು ಮನೆಗೆ ಹೋಗಬೇಕು ಅಂತ ಮ್ಯಾನೇಜರ್ ನಿಯಮ ಮಾಡಿದ ದಿನದಿಂದ, ಬೆಳಿಗ್ಗೆ ಐದಕ್ಕೆ ತೊಳೆಯುವ ಶೆಡ್ಡಿನ ಹಿಂದೆ ನಿನ್ನ ಕೆಲಸ ಶುರು. ಯಾರು ಎಲ್ಲಿ ತಾಗಿಸಿಕೊಂಡು ಬಂದರೂ ನೀನು ತಗಡು ತಟ್ಟಿ, ಪುಟ್ಟಿ ತುಂಬಿ, ಉಜ್ಜಿ, ಹಳದಿ ಹೊಡೆದು, ಏಳರ ಹೊತ್ತಿಗೆ ಹೊಸ ವ್ಯಾನ್ ಮಾಡಿ ನಿಲ್ಲಿಸುತ್ತೀಯ. ಕಾವಲಿನ ಉದ್ದಣ್ಣ ಗೇಟಿನಲ್ಲಿ ನಿಂತು ಮ್ಯಾನೇಜರ್ ಬಂದರೆ ಕೆಮ್ಮಬೇಕು. ರಜೆಯಲ್ಲಿ ನಾನು ಬಂದಾಗ ಅವನಿಗೆ ನಿಜವಾಗಿಯೂ ಶೀತ ಆಗಿ, ಬೆಳಿಗ್ಗೆಯೆಲ್ಲ ಕೆಮ್ಮಿ ಕೆಮ್ಮಿ ನಿನ್ನ ಕೈಯಿಂದ ಡಬ್ಬ ಬೀಳಿಸಿದನಲ್ಲ. "ಲೇ, ಕಾಯಿಲೆಗೆ ಕೆಮ್ಮೋದಾದ್ರೆ ರಜಾ ಹಾಕೋ!" ಅಂತ ನೀನು ಬೈದೆ. ನಾನು ಡಬ್ಬ ಹಿಡಿದುಕೊಂಡು ನಗುತ್ತಿದ್ದೆ. ನಾನೂ ಹಳದಿ ಕಲಸಿದ್ದೇನೆ. ಆ ಸೊನ್ನೆಗಳಲ್ಲಿ ನನ್ನದೂ ಎರಡೋ ಮೂರೋ ಇದೆ.

ಈಗ ನಾನು ಮಾಡಿದ ತಪ್ಪು. ನೀನು ಕೂತುಕೊಂಡು ಓದು.

ನಿನ್ನ ಪೇಂಟ್ ನೋಟ್‌ಬುಕ್ಕಿನ ಫೋಟೋ ನನ್ನ ಫೋನಿನಲ್ಲಿತ್ತು. ಬಣ್ಣದ ಅಳತೆ ನೆನಪಿರಲಿ ಅಂತ ತೆಗೆದುಕೊಂಡಿದ್ದೇನೆ ಎಂದು ನಿನಗೆ ಹೇಳಿದ್ದೆ. ಅದು ಪೂರ್ತಿ ನಿಜ ಅಲ್ಲ. ನಿನ್ನ ಅಕ್ಷರ ಚೆನ್ನಾಗಿದೆ, ಹಾಸ್ಟೆಲ್ಲಿನಲ್ಲಿ ನೋಡುತ್ತಿರೋಣ ಅಂತ ತೆಗೆದಿದ್ದೆ. ಎರಡು ವರ್ಷದ್ದು, ಒಂದೂ ಪುಟ ಬಿಡದೆ. "೪, ಎಡ, ಬಾಗಿಲ ಕೆಳಗೆ, ಗೀರು, ಎರಡು ಕೋಟ್, ತಮ್ಮ." ಹೀಗೆ. ಯಾವ ವ್ಯಾನು, ಯಾವ ಕಡೆ, ಯಾರು ತಂದದ್ದು. ನಿನ್ನಷ್ಟು ಚೊಕ್ಕವಾಗಿ ಕಂಪನಿಯವರು ಕೂಡ ಬರೆದಿಲ್ಲ. ಬಚ್ಚಿಡುವ ಕೆಲಸಕ್ಕೆ ಇಷ್ಟು ಚೊಕ್ಕ ಪುಸ್ತಕ ಇಡುವವರು ಪ್ರಪಂಚದಲ್ಲಿ ನೀನೊಬ್ಬಳೇ.

ನಲವತ್ತೈದು ಗೀರು. ಅವನ್ನು ಫೈಲಿಗೆ ಸೇರಿಸಿ ಮೇಡಂ ಹೇಳಿಕೊಟ್ಟ ಲೆಕ್ಕದ ಮಾದರಿಯನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ. ಬರೀ ಕುತೂಹಲಕ್ಕೆ, ನನಗಾಗಿ. ಆಮೇಲೆ ಸಲ್ಲಿಸುವ ದಿನ ಗಾಬರಿಯಲ್ಲಿ ಆ ಫೈಲನ್ನೇ ಮೇಡಂಗೆ ಕಳಿಸಿಬಿಟ್ಟೆ.

ಮೇಡಂ ಬುಧವಾರ ಕ್ಲಾಸ್ ಬಿಟ್ಟ ಮೇಲೆ ನಿಲ್ಲಿಸಿಕೊಂಡರು. "ಎಚ್ ಡಿಪೋಗೆ ಕಂಪನಿ ಕೊಟ್ಟಿದ್ದು ಎರಡು. ನಿನ್ನ ಹತ್ರ ನಲವತ್ತೇಳಿದೆ. ಎಲ್ಲಿಂದ ಬಂತಮ್ಮ?" ಅಂದರು. ನಾನು, ಕಂಪ್ಯೂಟರಿನಲ್ಲಿ ಸುಮ್ಮನೆ ಹುಟ್ಟಿಸಿದ ಅಂಕಿ ಮೇಡಂ, ಪ್ರಾಕ್ಟೀಸಿಗೆ ಅಂದೆ. ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. "ಹುಟ್ಟಿಸಿದ ಗೀರಿಗೆ ಎಡ ಬಲ ಯಾಕೆ ಇದೆ?" ಅಂದರು.

ನಾನು ಬ್ಯಾಗಿನ ಜಿಪ್ ಎಳೆದೆ, ಮತ್ತೆ ತೆರೆದೆ.

"ಮಂಗಳವಾರ ಕಂಪನಿಯವರು ಬರ್ತಾರೆ. ಅಷ್ಟ್ರೊಳಗೆ ಯೋಚ್ನೆ ಮಾಡಿ ಹೇಳು. ನಾನು ಗದರ್ತಿಲ್ಲ. ಆದ್ರೆ ಮರೆಯೋದೂ ಇಲ್ಲ," ಅಂದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನಗೆ ಈಗ ಮೈಯೆಲ್ಲ ಉರಿಯುತ್ತಿರಬಹುದು. ಡಿಪೋ ಹೋಗುತ್ತೆ, ಕೆಲಸ ಹೋಗುತ್ತೆ, ಇವಳನ್ನು ಓದಿಸಿದ್ದೇ ತಪ್ಪಾಯಿತು ಅಂತ. ನಾನು ಹೆದರುತ್ತಿರುವುದು ಅದಕ್ಕಲ್ಲ. ಅಥವಾ ಅದಕ್ಕೂ ಹೆದರುತ್ತಿದ್ದೇನೆ, ಆದರೆ ಅದು ಎರಡನೆಯದು. ಮೊದಲನೆಯದನ್ನು ನಾಳೆ ಬರೆಯುತ್ತೇನೆ. ಮೆಸ್ಸಿನ ಗಂಟೆ ಹೊಡೆಯಿತು. ನಿಜವಾಗಿ ಹೊಡೆಯಿತು, ನೆಪ ಅಲ್ಲ.


ಶನಿವಾರ, ಬೆಳಿಗ್ಗೆ

ಅಮ್ಮಾ,

ನಲವತ್ತೈದರಲ್ಲಿ ಇಪ್ಪತ್ತಾರು ಬೇರೆ ಹತ್ತು ಡ್ರೈವರುಗಳದ್ದು. ಹತ್ತೊಂಬತ್ತು ಮಾವನೊಬ್ಬನದು.

ಮೊದಲು ವ್ಯಾನಿನ ತಪ್ಪು ಅಂದುಕೊಂಡೆ. ನೀನೇ ರಜೆಯಲ್ಲಿ ಹೇಳಿದ್ದೆ, "ನಾಲ್ಕನೇ ನಂಬರಿನ ಸ್ಟೇರಿಂಗೇ ಸಡಿಲ ಕಣೇ, ಅವನೇನು ಮಾಡ್ತಾನೆ" ಅಂತ. ಸರಿ, ಕಾಣದ ಅಂಶ ವ್ಯಾನಿನಲ್ಲಿದೆ ಅಂತ ಬರೆದು ಓಡಿಸಿದೆ. ಆದರೆ ಹೋದ ವರ್ಷ ಮಾವನನ್ನು ಒಂಬತ್ತನೇ ನಂಬರಿಗೆ ಹಾಕಿದರಲ್ಲ, ಆ ತಿಂಗಳಿನಿಂದ ನಾಲ್ಕನೇ ನಂಬರಿಗೆ ಒಂದೂ ಗೀರಿಲ್ಲ. ಅಲ್ಲಿಯವರೆಗೆ ಫಳಫಳ ಹೊಳೆಯುತ್ತಿದ್ದ ಒಂಬತ್ತಕ್ಕೆ ಎಂಟು. ಸಡಿಲ ಸ್ಟೇರಿಂಗ್ ಒಂದು ವ್ಯಾನಿನಿಂದ ಇಳಿದು ಇನ್ನೊಂದು ವ್ಯಾನಿಗೆ ಹತ್ತುವುದಿಲ್ಲ ಅಮ್ಮಾ.

ಅದೃಷ್ಟ ಕೆಟ್ಟಿರಬಹುದು ಅಂತಲೂ ನೋಡಿದೆ. ಈ ಮಾದರಿ ತುಂಬಾ ಮರ್ಯಾದಸ್ಥ. ಒಬ್ಬರ ಬಗ್ಗೆ ಸ್ವಲ್ಪವೇ ಗೊತ್ತಿದ್ದರೆ, ಪಾಪ, ಇವರೂ ಎಲ್ಲರ ಹಾಗೇ ಇರಬಹುದು ಅಂತ ಅವರನ್ನು ಸರಾಸರಿಯ ಕಡೆಗೆ ಎಳೆದುಕೊಂಡು ಬರುತ್ತದೆ. ಸುಮ್ಮನೆ ಭಾಗಿಸಿದರೆ ಮಾವ ಉಳಿದವರಿಗಿಂತ ಏಳು ಪಟ್ಟು. ಅಷ್ಟೆಲ್ಲ ರಿಯಾಯಿತಿ ಕೊಟ್ಟ ಮೇಲೂ ಐದೂವರೆ ಪಟ್ಟು. ನಾನು ನಾಲ್ಕು ಸಲ ಓಡಿಸಿದೆ. ರಿಯಾಯಿತಿ ಜಾಸ್ತಿ ಮಾಡಿಯೂ ಓಡಿಸಿದೆ, ಮೇಡಂಗೆ ಗೊತ್ತಾದರೆ ಬೈಯುತ್ತಾರೆ. ಐದರ ಕೆಳಗೆ ಇಳಿಯಲೇ ಇಲ್ಲ.

ಆಮೇಲೆ ಎಡ ಬಲ ನೋಡಿದೆ. ಉಳಿದವರ ಇಪ್ಪತ್ತಾರರಲ್ಲಿ ಎಡಗಡೆ ಹದಿನಾಲ್ಕು, ಬಲಗಡೆ ಹನ್ನೆರಡು. ಮಾವನ ಹತ್ತೊಂಬತ್ತರಲ್ಲಿ ಎಡಗಡೆ ಹದಿನೆಂಟು.

ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಕಾಣದ ಅಂಶ ಅಂತ ನಾನು ಹೆಸರಿಟ್ಟದ್ದು ನನಗೆ ಕಂಡಿತ್ತು. ರಜೆಯಲ್ಲೇ ಕಂಡಿತ್ತು. ಮಾವ ವ್ಯಾನ್ ತಿರುಗಿಸುವಾಗ ಕೋಳಿಯ ಹಾಗೆ ಇಡೀ ಕುತ್ತಿಗೆಯನ್ನು ಎಡಕ್ಕೆ ಹೊರಳಿಸಿ ನೋಡುತ್ತಿದ್ದ. ನಾನು ಅಣಕಿಸಿದೆ. ಅವನೂ ನಕ್ಕು "ಕೊಕ್ಕೊಕ್ಕೋ" ಅಂದ. ಊಟಕ್ಕೆ ಕೂತಾಗ ಎಡಗಡೆ ಇಟ್ಟಿದ್ದ ನೀರಿನ ಲೋಟಕ್ಕೆ ಕೈ ಹಾಕಿದ, ಸಿಗಲಿಲ್ಲ. ಇನ್ನೊಂದು ಸಲ ಹಾಕಿದ. ಆಗ ನೀನು, ಮಾತಾಡುತ್ತಿದ್ದ ಮಾತನ್ನು ನಿಲ್ಲಿಸದೆ, ಲೋಟ ಎತ್ತಿ ಅವನ ಬಲಕ್ಕೆ ಇಟ್ಟೆ.

ನಿನಗೆ ಗೊತ್ತು. ಎಷ್ಟು ದಿನದಿಂದ ಗೊತ್ತು ಅಂತ ನಾನು ಕೇಳುವುದಿಲ್ಲ. ಅಷ್ಟು ಅಭ್ಯಾಸವಾದ ಕೈ ಅದು, ಒಂದೆರಡು ತಿಂಗಳಿನದಲ್ಲ.

ಅಜ್ಜಿ ಹೋದಾಗ ಮಾವನಿಗೆ ಒಂಬತ್ತು ವರ್ಷ, ನಿನಗೆ ಹತ್ತೊಂಬತ್ತು ಅಂತ ಸಾವಿರ ಸಲ ಕೇಳಿದ್ದೇನೆ. ಅವನ ಕಾಯಿಲೆ, ಅವನ ಫೇಲು, ಅವನ ಮುರಿದ ಮದುವೆ, ಎಲ್ಲದರ ಮೇಲೂ ನೀನು ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದೀಯ. ಅವನಿಗೆ ಡ್ರೈವಿಂಗ್ ಬಿಟ್ಟರೆ ಬೇರೇನೂ ಬರುವುದಿಲ್ಲ ಅಂತಲೂ ನನಗೆ ಗೊತ್ತು. ನನ್ನನ್ನು ಮೊದಲ ಸಲ ಹಾಸ್ಟೆಲ್ಲಿಗೆ ಬಿಟ್ಟವನೂ ಅವನೇ. ನೀನು ಅಳುತ್ತೀಯ ಅಂತ ನಿನ್ನನ್ನು ಮನೆಯಲ್ಲೇ ಬಿಟ್ಟು ಬಂದು, ಆ ಗೇಟಿನಲ್ಲಿ ಅವನೇ ಅತ್ತ.

ಆದರೆ ಅಮ್ಮಾ, ಮಕ್ಕಳು ಹತ್ತುವ ಬಾಗಿಲು ಯಾವ ಕಡೆ?

ಎಡಗಡೆ. ಮಿಲ್ಲಿನ ಗೋಡೆ ಪಕ್ಕದ ಗಲ್ಲಿಯಲ್ಲಿ ಆರು ಮಕ್ಕಳು ಸಾಲಾಗಿ ನಿಲ್ಲುತ್ತವೆ. ಅವಕ್ಕೆ ಮಾವನ ಹಾರ್ನ್ ಗುರುತು. ಕೇಳಿದ ತಕ್ಷಣ ಓಡಿ ಬರುತ್ತವೆ, ವ್ಯಾನ್ ಪೂರ್ತಿ ನಿಲ್ಲುವುದಕ್ಕೆ ಮುಂಚೆಯೇ. ಯಾರು ಮೊದಲು ಬಾಗಿಲು ಮುಟ್ಟುತ್ತಾರೋ ಅವರಿಗೆ ಕಿಟಕಿ ಸೀಟು. ಕುಂಟುತ್ತಾ ಬರುವ ಆ ಚಿಕ್ಕ ಹುಡುಗಿ ಯಾವಾಗಲೂ ಕೊನೆಗೆ, ಹಿಂದಿನ ಚಕ್ರದ ಹತ್ತಿರ. ಈ ವಾರ ಶಾಲೆಗೆ ರಜೆ. ಸೋಮವಾರ ತೆರೆಯುತ್ತದೆ.

ಮಾದರಿ ಹೇಳುವುದು ಇಷ್ಟೇ: ಈ ಕೈಯಲ್ಲಿ ಮುಂದಿನ ಮೂರು ತಿಂಗಳಲ್ಲಿ ಇನ್ನೂ ಎರಡೋ ಮೂರೋ ಆಗುತ್ತವೆ. ಎಲ್ಲಿ, ಯಾವ ದಿನ, ಯಾವುದಕ್ಕೆ ತಾಗಿ ಅಂತ ಅದು ಹೇಳುವುದಿಲ್ಲ. ಅದಕ್ಕೆ ಗೇಟಿನ ಕಂಬವೂ ಒಂದು, ಆ ಹುಡುಗಿಯೂ ಒಂದು. ಎಣಿಕೆ ಅಂದರೆ ಹಾಗೇ. ನನಗೆ ಹಾಗಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ನನ್ನ ಮೇಲೆ ಸಿಟ್ಟು ಮಾಡಿಕೋ, ಆದರೆ ಕೇಳು. ಸೋಮವಾರ ಏಳು ಗಂಟೆಗೆ ಮಾವ ವ್ಯಾನ್ ಹತ್ತಬಾರದು. ಜ್ವರ ಅನ್ನು, ಕಾಲು ಉಳುಕಿದೆ ಅನ್ನು, ನಿನಗೆ ನೆಪ ಹೇಳಿಕೊಡುವಷ್ಟು ದೊಡ್ಡವಳಲ್ಲ ನಾನು. ಅದೇ ದಿನ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಏಳೂಕಾಲಿಗೆ ನಾನು ಡಿಪೋ ಫೋನಿಗೆ ಮಾಡುತ್ತೇನೆ. ಉದ್ದಣ್ಣ ಎತ್ತಲಿ, ಯಾರೇ ಎತ್ತಲಿ, ಒಂಬತ್ತನೇ ನಂಬರಿಗೆ ಇವತ್ತು ಯಾರು ಅಂತ ಕೇಳುತ್ತೇನೆ. ಮಾವ ಅಂದರೆ, ಮ್ಯಾನೇಜರಿಗೆ ಕೊಡಿ ಅನ್ನುತ್ತೇನೆ.

ಇದನ್ನು ಬರೆದ ಮೇಲೆ ಹರಿದು ಹಾಕೋಣ ಅನ್ನಿಸಿತು. ಸ್ವಂತ ಅಮ್ಮನಿಗೆ ಗಡುವು ಕೊಡುವ ಮಗಳು ನಾನಾಗುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಪಕ್ಕದ ಮೇಜಿನವಳು "ಲವ್ ಲೆಟರಾ?" ಅಂತ ಕೇಳಿದಳು. ಹೌದು ಅಂದೆ.

ಮಂಗಳವಾರ ಮೇಡಂಗೆ ನಿಜ ಹೇಳುತ್ತೇನೆ. ನೋಟ್‌ಬುಕ್ ನಿನ್ನದು ಅಂತ ಹೇಳುವುದಿಲ್ಲ, ಡಿಪೋದವರದು ಅನ್ನುತ್ತೇನೆ. ಆದರೆ ಮೇಡಂ ದಡ್ಡರಲ್ಲ. ಆ ಸೊನ್ನೆಗಳನ್ನು ನೋಡಿ ಉಳಿದ ಹನ್ನೊಂದು ಡಿಪೋದವರೂ ಹೀಗೇ ಶೆಡ್ಡಿನ ಹಿಂದೆ ಬಣ್ಣ ಹೊಡೆಯುವುದನ್ನು ಕಲಿತರೆ, ಆಗ ಎಲ್ಲರ ಎಡಗಡೆಯೂ ಮರೆಯಾಗುತ್ತದೆ. ನೀನು ಒಳ್ಳೆಯದಕ್ಕೇ ಮಾಡಿದೆ. ಮೂರು ಗೀರಿಗೆ ಮನುಷ್ಯನನ್ನು ಮನೆಗೆ ಕಳಿಸುವ ನಿಯಮ ಕೆಟ್ಟದ್ದೇ. ಅದನ್ನೂ ಹೇಳುತ್ತೇನೆ. ನನ್ನ ಮಾತಿಗೆ ಎಷ್ಟು ಬೆಲೆಯೋ ಗೊತ್ತಿಲ್ಲ, ಫಸ್ಟ್ ಇಯರ್.

ಈ ವಿಷಯ ನಾನು ಮಾವನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಮೊದಲು ನಿನಗೇ. ಸಂಜೆ ಬಸ್ಸಿಗೆ ಒಬ್ಬ ಸೀನಿಯರ್ ನಮ್ಮೂರ ಕಡೆಗೆ ಹೋಗುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಓದಿದ ಮೇಲೆ ಒಂದು ಸಲ ಫೋನ್ ಮಾಡು. ಬೈಯುವುದಕ್ಕಾದರೂ ಮಾಡು. ಊಟ ಆಯ್ತಾ ಅಂತ ಮಾತ್ರ ಕೇಳಬೇಡ.

ನಿನ್ನ ಮೇಲೆ ಸಿಟ್ಟಿಲ್ಲದ, ಹೆದರಿರುವ,
ನಿನ್ನ
ಗುಬ್ಬಿ

ತಾ.ಕ.: ಶನಿವಾರ, ನಾಲ್ಕೂವರೆ. ಪತ್ರ ತರುವವಳು ಸೀನಿಯರ್ ಅಲ್ಲ. ನಿನ್ನ ಮುಂದೆ ನಿಂತಿರುವವನೇ.

ಯಾರಿಗೂ ಹೇಳಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು. ಬುಧವಾರ ಮೇಡಂ ಹತ್ತಿರ ಸಿಕ್ಕಿಬಿದ್ದ ಮೇಲೆ ತಡೆಯಲಾಗದೆ ಮಾವನಿಗೆ ಫೋನ್ ಮಾಡಿದ್ದೆ. "ಏನೇ ಲೆಕ್ಕದಮ್ಮ, ಕೂಡಿ ಕಳೆದು ಮುಗೀತಾ?" ಅಂದ. ಬಲಗಣ್ಣು ಮುಚ್ಚಿಕೊಂಡು ಎದುರಿಗಿರುವ ಗೋಡೆಯ ಗಡಿಯಾರ ನೋಡಿ ಟೈಮ್ ಹೇಳು ಮಾವ ಅಂದೆ. ಟೈಮ್ ಹೇಳದೆ ಫೋನ್ ಇಟ್ಟುಬಿಟ್ಟ. ಇವತ್ತು ಮಧ್ಯಾಹ್ನ ಬಸ್ಸಿನಲ್ಲಿ, ಟಿಕೆಟ್ ತೆಗೆದುಕೊಂಡು, ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಾನೆ. ನಿನಗೆ ಹೇಳದೆ. "ಬೇರೆಯವ್ರು ಓಡಿಸೋದನ್ನ ನೋಡ್ತಾ ಕೂರೋದು ಹಿಂಸೆ ಕಣೇ," ಅಂದ.

ಹಾಸ್ಟೆಲ್ಲಿನ ವಿಸಿಟರ್ ಕೋಣೆಯಲ್ಲಿ ಈ ಪತ್ರ ಪೂರ್ತಿ ಅವನಿಗೆ ಓದಿ ಹೇಳಿದೆ. ಲೋಟದ ವಿಷಯ ಬಂದಾಗ ತಲೆ ತಗ್ಗಿಸಿದ. ಅಕ್ಕನಿಗೆ ಗೊತ್ತು ಅಂತ ಅವನಿಗೆ ಗೊತ್ತಿರಲಿಲ್ಲವಂತೆ. ಸೋಮವಾರ ಅವನೇ ಮ್ಯಾನೇಜರ್ ರೂಮಿಗೆ ಹೋಗಿ ಕೀಲಿ ಇಡುತ್ತಾನೆ. ನೀನು ಜೊತೆಗೆ ಹೋಗಬೇಕಂತೆ, ಒಬ್ಬನಿಗೇ ಆಗುವುದಿಲ್ಲವಂತೆ.

ಒಂದು ಕಡೆ ಮಾತ್ರ ತಿದ್ದು ಅಂದ. ಹತ್ತೊಂಬತ್ತು ಅಂತ ಬರೆದಿರುವುದನ್ನು ಇಪ್ಪತ್ತಮೂರು ಮಾಡು ಅಂದ. ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತೇ ಇದೆ ಮಾವ, ಮೂರು ಸಲ ಎಣಿಸಿದ್ದೇನೆ ಅಂದೆ. ಕಿಟಕಿಯ ಕಡೆ ನೋಡುತ್ತಾ ಹೇಳಿದ: "ಉಳಿದ ನಾಲ್ಕಕ್ಕೆ ಬಣ್ಣ ಬೇಕಾಗ್ಲಿಲ್ಲ."

ಗೀರು ಬೀಳದ ಹಾಗೆ ವ್ಯಾನಿಗೆ ತಾಗಿದ್ದು ಏನು, ಯಾರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಅವನನ್ನು ಒಳಗೆ ಕರೆದು ಕೂರಿಸಿ, ನೀನು ಕೇಳು ಅಮ್ಮಾ.